ಶಾಲೆಯ ಕಾಯದೆಯೂ ಶಾಲೆಯ ಹಣವೂ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಠದ ಅಂಗಳದಲ್ಲಿ ಅನ್ನದಾಸೋಹವೂ ಜ್ಞಾನದಾಸೋಹವೂ ಜೊತೆಗೂಡಿ ನಡೆದುಬಂದಿರುವದರಿಂದ, ಊರಿನ ಸರಕಾರಿ ಶಾಲೆಯ ಹಣಕಾಸಿನ ವಿಚಾರವು ಈ ಮಹೋತ್ಸವಕ್ಕೆ ಹೊರತಾದುದೆಂದು ಯಾರೂ ಭಾವಿಸಲಾಗದು. ಪ್ರಸಾದನಿಲಯದಲ್ಲಿ ಉಂಡು ಮೇಲ್ತರಗತಿಗೆ ಹೋಗುವ ಹುಡುಗನು ಮೊದಲು ತನ್ನ ಹಳ್ಳಿಯ ಶಾಲೆಯಲ್ಲಿ ಅಕ್ಷರವನ್ನು ಕಲಿತಿರಬೇಕಷ್ಟೆ. ಆ ಶಾಲೆಗೆ ಹಣವನ್ನು ಕೊಡುವವರು ಯಾರು, ಕೊಡಲೇಬೇಕೆಂದು ಯಾವ ಕಾಯದೆಯು ಕಟ್ಟುಮಾಡಿದೆ ಎಂಬ ಎರಡು ಪ್ರಶ್ನೆಗಳು ಒಂದೂವರೆ ಶತಮಾನದಿಂದ ಒಂದರ ಕಾಲಿಗೊಂದು ತೊಡರುತ್ತ ಬಂದಿವೆ.

ಹಿಂದೆ ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳಲ್ಲಿ ರೈತನು ಭೂಕಂದಾಯದ ರೂಪಾಯಿಗೆ 1 ಆಣೆಯಂತೆ ಲೋಕಲ್ ಫಂಡ್ ಪಟ್ಟಿಯನ್ನು ಸಲ್ಲಿಸುತ್ತಿದ್ದನು. 1869ರ ಕಾಯದೆಯು ಅದಕ್ಕೆ ಅಧಿಕಾರದ ಮುದ್ರೆಯನ್ನೊತ್ತಿತು. ಅದರ ಮೂರನೆಯ ಒಂದು ಪಾಲು ಶಾಲೆಗಳಿಗೆ, ಮಿಕ್ಕುದು ರಸ್ತೆ ಮುಂತಾದ ಕೆಲಸಗಳಿಗೆ ಎಂದು ಏರ್ಪಾಡಾಗಿತ್ತು. ಪಟ್ಟಿಯು ಎಲ್ಲ ಹಳ್ಳಿಗಳಿಂದಲೂ ಬಂದಿತು. ಶಾಲೆಯು ಎಲ್ಲ ಹಳ್ಳಿಗಳಿಗೂ ಬರಲಿಲ್ಲ. 1882ರಲ್ಲಿ ಹಂಟರ್ ಕಮಿಶನ್ನಿನ ಮುಂದೆ ಪುಣೆಯ ಜೋತೀರಾವ ಫುಲೆಯವರು ಸಲ್ಲಿಸಿದ ತಕರಾರಿನ ತಿರುಳೂ ಇಂಥದೇ. ಬೆವರು ಸುರಿಸಿದ ರೈತನಿಂದ ಬಂದ ಹಣವು ಮೇಲಿನ ವರ್ಗದವರ ಉಚ್ಚಶಿಕ್ಷಣಕ್ಕೆ ಸಲ್ಲುತ್ತಿದೆ, ರೈತನ ಮಗನಾದರೋ ನಿರಕ್ಷರಿಯಾಗಿಯೇ ಉಳಿದಿದ್ದಾನೆ ಎಂಬುದು ಅವರ ದೂರು. ಕಾಯಕದ ಬೆಲೆಯನ್ನು ಬಲ್ಲ ಶರಣಸಮಾಜಕ್ಕೆ ಈ ಮಾತು ಹೊಸದಾಗಿ ತೋರಲಾರದು.

1911ರ ಮಾರ್ಚಿಯಲ್ಲಿ ಗೋಪಾಳಕೃಷ್ಣ ಗೋಖಲೆಯವರು ದೊಡ್ಡ ಶಾಸನಸಭೆಯಲ್ಲಿ ತಂದ ಪ್ರಾಥಮಿಕ ಶಿಕ್ಷಣದ ಮಸೂದೆಯು ಬಹು ಸಂಕೋಚದಿಂದ ರಚಿತವಾದುದು. ಆರರಿಂದ ಹತ್ತು ವರುಷದ ಗಂಡುಮಕ್ಕಳಿಗೆ ಮಾತ್ರ ಕಡ್ಡಾಯ. ಅದೂ ಸ್ಥಳೀಯ ಸಂಸ್ಥೆಯು ಇಚ್ಛಿಸಿದಲ್ಲಿ, ಈಗಾಗಲೇ ತಕ್ಕಷ್ಟು ಮಕ್ಕಳು ಶಾಲೆಗೆ ಬರುತ್ತಿರುವಲ್ಲಿ. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ವರಮಾನವುಳ್ಳ ತಂದೆಯಿಂದ ಫೀಯನ್ನು ತೆಗೆದುಕೊಳ್ಳತಕ್ಕದ್ದಲ್ಲ. ವೆಚ್ಚದಲ್ಲಿ ಮೂರರಲ್ಲಿ ಎರಡು ಪಾಲನ್ನು ಸರಕಾರವು, ಒಂದು ಪಾಲನ್ನು ಸ್ಥಳೀಯ ಸಂಸ್ಥೆಯು ಹೊರಬೇಕೆಂಬುದು ಅವರ ಅಭಿಪ್ರಾಯ. ಇಷ್ಟು ಮೆತ್ತನೆಯ ಬೇಡಿಕೆಯೂ 1912ರ ಮಾರ್ಚಿಯಲ್ಲಿ 13 ಮತಗಳಿಗೆ ಎದುರಾಗಿ 38 ಮತಗಳಿಂದ ಬಿದ್ದುಹೋಯಿತು. ಆ ವೇಳೆಗೆ ಬಡೋದೆಯ ಸಯಾಜಿರಾವ ಮಹಾರಾಜರು ತಮ್ಮ ಸಂಸ್ಥಾನದಲ್ಲೆಲ್ಲ ಕಡ್ಡಾಯ ಶಿಕ್ಷಣವನ್ನು ಜಾರಿಗೆ ತಂದು ಐದಾರು ವರುಷಗಳಾಗಿದ್ದವು. ಹಣವಿಲ್ಲವೆಂಬ ಸರಕಾರದ ನೆವಕ್ಕೆ ಬಡೋದೆಗಿಂತ ದೊಡ್ಡ ಉತ್ತರವು ಬೇಕಿರಲಿಲ್ಲ.

ಮುಂದೆ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ 1918ರಲ್ಲಿ ಮುಂಬಯಿ ಇಲಾಖೆಯ ಮುನಸಿಪಾಲಿಟಿಗಳಿಗೆ ಕಡ್ಡಾಯದ ಅಧಿಕಾರವು ದೊರೆಯಿತು. 1923ರ ಕಾಯದೆಯು ಅದನ್ನು ಜಿಲ್ಲಾ ಲೋಕಲ್ ಬೋರ್ಡುಗಳಿಗೂ ವಿಸ್ತರಿಸಿ, ಶಾಲೆಗಳ ಆಡಳಿತವನ್ನೇ ಸ್ಕೂಲ್ ಬೋರ್ಡುಗಳಿಗೆ ಒಪ್ಪಿಸಿತು. ಕಡ್ಡಾಯದ ಯೋಜನೆಗೆ ತಗಲುವ ಹೆಚ್ಚಿನ ವೆಚ್ಚದಲ್ಲಿ ಲೋಕಲ್ ಬೋರ್ಡಿಗೆ ಮೂರರಲ್ಲಿ ಎರಡು ಪಾಲು, ಮುನಸಿಪಾಲಿಟಿಗೆ ಅರ್ಧಪಾಲು ಸರಕಾರದಿಂದ ಬರತಕ್ಕದ್ದಾಗಿತ್ತು. ಆದರೆ ಯೋಜನೆಗೆ ಸರಕಾರದ ಮಂಜೂರಿಯು ಬೇಕು. ಬೊಕ್ಕಸ ಬರಿದಾದಾಗ ಮಂಜೂರಿಯು ಬಾರದು. 1929ರ ನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಹಾಗೆಯೇ ಆಯಿತು. ಅದೇ ವರುಷದ ಹಾರ್ಟಾಗ್ ಕಮಿಟಿಯ ವರದಿಯು ಇನ್ನೊಂದು ಕಟುಸತ್ಯವನ್ನು ತೋರಿಸಿತು: 1922–23ರಲ್ಲಿ ಒಂದನೆಯ ತರಗತಿಯಲ್ಲಿದ್ದ 100 ಮಕ್ಕಳಲ್ಲಿ 1925–26ರ ನಾಲ್ಕನೆಯ ತರಗತಿಗೆ ಮುಟ್ಟಿದವರು 18 ಮಂದಿ. ಉಳಿದ 82 ಮಕ್ಕಳ ಮೇಲೆ ಆದ ವೆಚ್ಚಕ್ಕೆ ಫಲವೆಲ್ಲಿ?

ಈಗಿನ ಸ್ಥಿತಿಯು ಕಾಯದೆಯ ಮಟ್ಟಿಗೆ ಬೇರೆಯಾಗಿದೆ. 2002ರ 86ನೆಯ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವರುಷದ ಮಕ್ಕಳ ಶಿಕ್ಷಣವು ಮೂಲಭೂತ ಹಕ್ಕಾಯಿತು. 2009ರ ಕಾಯದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಗೋಖಲೆಯವರು ಕೈಜೋಡಿಸಿ ಬೇಡಿದುದಕ್ಕಿಂತ ಇದು ಬಹಳ ಹೆಚ್ಚು. ಹಣದ ಹೊಣೆಯು ಕೇಂದ್ರಕ್ಕೂ ರಾಜ್ಯಕ್ಕೂ ಕೂಡಿಯೇ ಇದೆಯೆಂದು ಆ ಕಾಯದೆಯಲ್ಲಿ ಸ್ಪಷ್ಟವಾಗಿ ಹೇಳಲ್ಪಟ್ಟಿದೆ. ಇಬ್ಬರ ಹೊಣೆಯೆಂದ ಮೇಲೆ ಒಬ್ಬರು ಇನ್ನೊಬ್ಬರ ಮುಖವನ್ನು ನೋಡುವದೂ ಸಹಜವೇ.

ಆದುದರಿಂದ ಬೇಡಿಕೆಗಳಲ್ಲಿ ಮೊದಲಾವದು, ಹಿಂದಾವದು ಎಂಬ ವಿವೇಕವು ಅವಶ್ಯ. ಮೊದಲನೆಯದು ಶಿಕ್ಷಕನೇ. ಮಂಜೂರಾದ ಶಿಕ್ಷಕರ ಸ್ಥಾನಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಕೂಡದೆಂದು ಕಾಯದೆಯೇ ವಿಧಿಸಿದೆ. ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ, ಇವುಗಳ ಹೊರತು ಶಿಕ್ಷಣವಲ್ಲದ ಬೇರೆ ಕೆಲಸಕ್ಕೆ ಅವನನ್ನು ಹಚ್ಚಕೂಡದೆಂದೂ ಇದೆ. ಸದ್ಭಕ್ತರು ಶಾಲೆಗೆ ಕೋಣೆಯನ್ನು ಕಟ್ಟಿಸಿಕೊಡುತ್ತಾರೆ, ಕಮಾನನ್ನು ನಿಲ್ಲಿಸುತ್ತಾರೆ, ಅದು ಸ್ತುತ್ಯವಾದುದೇ. ಆದರೆ ಮಾಸ್ತರರ ಸಂಬಳದ ಮೇಲೆ ಅಮೃತಶಿಲೆಯ ಹೆಸರುಫಲಕವನ್ನು ಕೂಡ್ರಿಸಲು ಬರುವದಿಲ್ಲ. ಆ ಕಾರಣದಿಂದಲೇ ಅದು ದಾನಕ್ಕೆ ಬಿಟ್ಟ ವಿಷಯವಾಗಬಾರದು, ಪ್ರತಿವರುಷದ ಬಜೆಟ್ಟಿನಲ್ಲಿ ತಪ್ಪದೆ ಇರತಕ್ಕ ಬಾಬಾಗಬೇಕು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದವರು ಏಳು ಮಂದಿ ಶಿಕ್ಷಕರೇ ಎಂಬುದನ್ನು ಇಲ್ಲಿ ನೆನೆಯಬಹುದು.

ಮಠಗಳ ಪ್ರಸಾದನಿಲಯಗಳಿರುವಾಗ ಸರಕಾರವನ್ನು ಕಾಡುವದೇಕೆ ಎಂದು ಕೆಲವರು ಕೇಳುವದುಂಟು. ಧಾರವಾಡದ ಮುರುಘಾಮಠದಂಥ ಸ್ಥಾನಗಳು ಸಾವಿರಾರು ಬಡಮಕ್ಕಳಿಗೆ ನೆರಳಾದವು, ನಿಜ. ಆದರೆ ಪ್ರಸಾದನಿಲಯಕ್ಕೆ ಬಂದವನು ಹೇಗೂ ಮನೆಯನ್ನು ಬಿಟ್ಟು ಹೊರಟವನು. ತಮ್ಮನನ್ನು ಎತ್ತಿಕೊಂಡು ಹೊಲದ ಬದುವಿನಲ್ಲಿ ಕುಳಿತ ಏಳು ವರುಷದ ಹುಡುಗಿಗೆ ಮಠದ ಬಾಗಿಲು ದೂರ; ಅವಳಿಗೆ ಹತ್ತಿರವಾದುದು ಓಣಿಯ ಶಾಲೆಯೊಂದೇ. ದಾಸೋಹದ ಧರ್ಮವು ಸರಕಾರದ ಸಾಲವನ್ನು ತೀರಿಸುವದಕ್ಕಾಗಿ ಹುಟ್ಟಿದುದಲ್ಲ.

ಇನ್ನು ಊರವರ ಕೈಯಲ್ಲಿರುವ ಸಾಧನವೊಂದಿದೆ. 2009ರ ಕಾಯದೆಯಂತೆ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳು ಅಥವಾ ಪೋಷಕರು, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರು ಇರತಕ್ಕದ್ದು. ಈ ಸಮಿತಿಯು ಸಿದ್ಧಪಡಿಸುವ ಅಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರವೆಂದು ಕಾಯದೆಯಲ್ಲಿದೆ. ಕರ್ನಾಟಕದಲ್ಲಿಯಂತೂ 2001ರಿಂದಲೇ ಇಂಥ ಸಮಿತಿಗಳುಂಟು. ಸಭೆಯ ದಿನ ರುಜು ಹಾಕಿ ಚಹ ಕುಡಿದು ಏಳುವದು ಸಮಿತಿಯ ಕೆಲಸವಲ್ಲ. ಕೇಂದ್ರದ 2010ರ ಮಾದರಿ ನಿಯಮಗಳ ಪ್ರಕಾರ ಆ ಯೋಜನೆಯು ಮೂರು ವರುಷದ್ದು. ಪ್ರತಿ ತರಗತಿಗೆ ಬರಬಹುದಾದ ಮಕ್ಕಳೆಷ್ಟು, ಇನ್ನೂ ಬೇಕಾದ ಶಿಕ್ಷಕರೆಷ್ಟು, ಕೋಣೆ ಸಲಕರಣೆಗಳಾವವು, ಅವಕ್ಕೆ ವರುಷವರುಷಕ್ಕೆ ತಗಲುವ ಹಣವೆಷ್ಟು, ಇವೆಲ್ಲವನ್ನೂ ಅದರಲ್ಲಿ ಬರೆದು, ಅಧ್ಯಕ್ಷರ ರುಜುವಿನೊಡನೆ ಆರ್ಥಿಕ ವರುಷವು ಮುಗಿಯುವದರೊಳಗಾಗಿ ಸ್ಥಳೀಯ ಅಧಿಕಾರಕ್ಕೆ ಒಪ್ಪಿಸತಕ್ಕದ್ದು.