ಮಡಕೆ ಒಡೆದದ್ದು ಯಾರು?



‘ಮಡಕೆ ಒಡೆಯಿತು’ ಎನ್ನುತ್ತೀರಿ. ‘ಬೆಕ್ಕು ಮಡಕೆ ಒಡೆಯಿತು’ ಎಂದೂ ಎನ್ನುತ್ತೀರಿ. ಎರಡರಲ್ಲೂ ಕ್ರಿಯಾಪದ ಒಂದೇ. ಇದನ್ನೇ ತಮಿಳಿನಲ್ಲಿ ಹೇಳಿ ನೋಡೋಣ. ‘ಪಾನೈ ಉಡೈಂದದು’ ಎಂದರೆ ಮಡಕೆ ತಾನಾಗಿ ಒಡೆಯಿತು. ‘ಪೂನೈ ಪಾನೈಯೈ ಉಡೈತ್ತದು’ ಎಂದರೆ ಬೆಕ್ಕು ಮಡಕೆಯನ್ನು ಒಡೆದುಹಾಕಿತು. ಧಾತು ಎರಡು ಕಡೆಯೂ ‘ಉಡೈ’. ನಡುವೆ ಬರುವ ‘ಂದ್’ ಮತ್ತು ‘ತ್ತ್’ಗಳಲ್ಲಿ ಇಡೀ ವ್ಯತ್ಯಾಸ ಅಡಗಿದೆ.

ತಮಿಳಿನ ಧಾತುಗಳು ಕಾಲಸೂಚಕ ಪ್ರತ್ಯಯಗಳನ್ನು ಒಂದೇ ರೀತಿ ಸ್ವೀಕರಿಸುವುದಿಲ್ಲ. ‘ಇಣೈ’ ಎಂಬ ಧಾತುವನ್ನು ತೆಗೆದುಕೊಳ್ಳಿ. ಇಣೈಗಿರೇನ್, ಇಣೈಂದೇನ್, ಇಣೈವೇನ್: ಕೂಡಿಕೊಳ್ಳುತ್ತೇನೆ, ಕೂಡಿಕೊಂಡೆ, ಕೂಡಿಕೊಳ್ಳುವೆ. ಇದು ದುರ್ಬಲ ಗಣ. ಇಣೈಕ್ಕಿರೇನ್, ಇಣೈತ್ತೇನ್, ಇಣೈಪ್ಪೇನ್: ಜೋಡಿಸುತ್ತೇನೆ, ಜೋಡಿಸಿದೆ, ಜೋಡಿಸುವೆ. ಇದು ಪ್ರಬಲ ಗಣ. ನಾವು ‘ಸೇರು’ ಎಂಬುದಕ್ಕೆ ‘ಇಸು’ ಹಚ್ಚಿ ‘ಸೇರಿಸು’ ಮಾಡುತ್ತೇವಲ್ಲ, ಆ ಕೆಲಸವನ್ನು ಇಲ್ಲಿ ವ್ಯಂಜನದ ದ್ವಿತ್ವವೇ ಮಾಡಿಬಿಡುತ್ತದೆ. ಎಲ್ಲ ಧಾತುಗಳಿಗೂ ಇಂಥ ಜೋಡಿ ಇದೆ ಎಂದು ಮಾತ್ರ ತಿಳಿಯಬೇಡಿ.

ಹೊರಗಿನವರಿಗಾಗಿ ಬರೆದ ವ್ಯಾಕರಣಗಳು ಸಾಮಾನ್ಯವಾಗಿ 7 ಗಣಗಳನ್ನು ಹೇಳುತ್ತವೆ. ಮದ್ರಾಸ್ ವಿಶ್ವವಿದ್ಯಾನಿಲಯ 1924ರಿಂದ 1936ರವರೆಗೆ ಸಂಪುಟಗಳಾಗಿ ಹೊರತಂದ ‘ತಮಿಳ್ ಲೆಕ್ಸಿಕನ್’ 13 ಗಣಗಳನ್ನು ಮಾಡಿ, ಪ್ರತಿ ಧಾತುವಿನ ಪಕ್ಕದಲ್ಲೂ ಗಣದ ಅಂಕಿ ಹಾಕಿದೆ. ಅದರಲ್ಲಿ ‘ಉಡೈ’ಗೆ ಎರಡು ನಮೂದುಗಳಿವೆ. ‘ಉಡೈದಲ್’ 4ನೆಯ ಗಣ, ‘ಉಡೈತ್ತಲ್’ 11ನೆಯದು. ವಿಜ್ಞಾನ ಓದಿದ ನನಗೆ ಈ ಅಂಕಿಗಳನ್ನು ಕಂಡಾಗ ಆವರ್ತ ಕೋಷ್ಟಕ ನೆನಪಾಗುತ್ತದೆ.

ಕನ್ನಡಿಗರಿಗೆ ಇಲ್ಲೊಂದು ಅನುಕೂಲವೂ ಉಂಟು. ಬಿಡು–ಬಿಟ್ಟೆ, ಸುಡು–ಸುಟ್ಟೆ, ಇಡು–ಇಟ್ಟೆ. ಆದರೆ ಓಡು–ಓಡಿದೆ, ಹಾಡು–ಹಾಡಿದೆ. ಮೊದಲ ಸ್ವರ ಹ್ರಸ್ವವಾದರೆ ‘ಟ್ಟ’, ದೀರ್ಘವಾದರೆ ‘ಡಿದ’. ಇದನ್ನು ನಿಮಗೆ ಯಾರೂ ಕಲಿಸಿಲ್ಲ, ಆದರೂ ‘ಓಟ್ಟೆ’ ಎಂದು ನೀವು ಎಂದೂ ಹೇಳುವುದಿಲ್ಲ. ತಮಿಳಿನಲ್ಲೂ ಹಾಗೆಯೇ: ವಿಡು–ವಿಟ್ಟೇನ್, ಸುಡು–ಸುಟ್ಟೇನ್, ಓಡು–ಓಡಿನೇನ್, ಪಾಡು–ಪಾಡಿನೇನ್. ಒಂದು ತುಂಟ ಧಾತು ‘ಪೋಡು’. ಸ್ವರ ದೀರ್ಘವಾದರೂ ‘ಪೋಟ್ಟೇನ್’ ಎಂದೇ ಆಗುತ್ತದೆ. ಅದನ್ನು ಬಾಯಿಪಾಠ ಮಾಡದೆ ಗತ್ಯಂತರವಿಲ್ಲ.

ಭೂತಕಾಲದ ರೂಪವೊಂದನ್ನೇ ನಂಬಿದರೂ ಮೋಸ ಹೋಗುತ್ತೀರಿ. ‘ಅರಿಂದೇನ್’ ಎಂದರೆ ಅರಿತೆ, ‘ನಡಂದೇನ್’ ಎಂದರೆ ನಡೆದೆ. ಎರಡೂ ಒಂದೇ ಅಚ್ಚಿನವು ಎನಿಸುತ್ತವೆ. ವರ್ತಮಾನಕ್ಕೆ ಬಂದರೆ ಮೊದಲನೆಯದು ‘ಅರಿಗಿರೇನ್’, ಎರಡನೆಯದು ‘ನಡಕ್ಕಿರೇನ್’. ನಡೆಯುವ ಧಾತು ಭೂತದಲ್ಲಿ ದುರ್ಬಲರಂತೆ, ವರ್ತಮಾನ ಭವಿಷ್ಯತ್ತುಗಳಲ್ಲಿ ಪ್ರಬಲರಂತೆ ವರ್ತಿಸುತ್ತದೆ. ಆದ್ದರಿಂದ ಹೊಸ ಧಾತು ಸಿಕ್ಕಾಗಲೆಲ್ಲ ವರ್ತಮಾನ, ಭೂತ ಎರಡನ್ನೂ ಜೋಡಿಯಾಗಿ ಬರೆದಿಟ್ಟುಕೊಳ್ಳಿ. ಭವಿಷ್ಯತ್ತು ಬಹುಮಟ್ಟಿಗೆ ವರ್ತಮಾನದ ಹಿಂದೆಯೇ ಬರುತ್ತದೆ.

ಆಡುಮಾತಿನಲ್ಲಿ ಈ ಪ್ರತ್ಯಯಗಳು ವೇಷ ಬದಲಿಸುತ್ತವೆ. ‘ಉಡೈ’ಯಂಥ ಧಾತುಗಳಲ್ಲಿ ‘ಂದ್’ ‘ಂಜ್’ ಆಗುತ್ತದೆ, ‘ತ್ತ್’ ‘ಚ್ಚ್’ ಆಗುತ್ತದೆ. ಭೇದ ಮಾತ್ರ ಅಳಿಯುವುದಿಲ್ಲ. ಅಡುಗೆಮನೆಯಲ್ಲಿ ಸದ್ದಾಯಿತೆನ್ನಿ. ಮಗು ಓಡಿಬಂದು ‘ಪಾನೈ ಉಡೈಂಜಿಡುಚ್ಚು’ ಎನ್ನುತ್ತದೆ, ಮಡಕೆ ತಾನೇ ಒಡೆದುಹೋಯಿತು ಎಂದು. ತಾಯಿ ಆ ‘ಂಜ್’ ಅನ್ನು ಒಪ್ಪುವುದಿಲ್ಲ. ‘ಯಾರು ಉಡೈಚ್ಚದು?’ ಎಂದು ಕೇಳುತ್ತಾಳೆ.