ಕೇಪಿನ ಕೋವಿ

ಕೊಡಗಿನ ಕೈಲ್ ಮುಹೂರ್ತದ ದಿನ ಮನೆಯ ಆಯುಧಗಳನ್ನೆಲ್ಲ ತೊಳೆದಿಟ್ಟು, ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ನಾವು ಅಗ್ನಿಶಿಖೆ ಎನ್ನುವುದು ಇದನ್ನೇ. ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವೂ ಉಂಟು. ಇಂಥ ಮನೆಗಳಲ್ಲಿ ಅಜ್ಜಂದಿರ ಕಾಲದ ಕೇಪಿನ ಕೋವಿ ಇದ್ದರೆ ಅದರ ಸ್ವಭಾವ ತಿಳಿದಿರಬೇಕು.

ಇದಕ್ಕೆ ತೋಟೆಯಿಲ್ಲ. ಮದ್ದು, ಬಿರಡೆ, ಚರೆ, ಮೇಲೊಂದು ತೆಳು ಬಿರಡೆ, ಎಲ್ಲವೂ ಬಾಯಿಂದಲೇ ಇಳಿಯಬೇಕು, ಗಜದಿಂದ ಜಡಿಯಬೇಕು, ಕೇಪು ಇಡುವುದು ಕಟ್ಟಕಡೆಗೆ. ಕರಿಮದ್ದೆಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಹೊಗೆಯಿಲ್ಲದ ಹೊಸ ಮದ್ದು ತುಂಬಿದರೆ ನಳಿಗೆಯೇ ಸೀಳೀತು.

ತೋಟೆಯ ಕೋವಿಯನ್ನು ಮಡಿಸಿದರೆ ಈಡು ಕಣ್ಣಿಗೆ ಬೀಳುತ್ತದೆ. ಇದರಲ್ಲಿ ಕಾಣದು. ಒಣಗಿದ ಕರಿಮದ್ದು ವರ್ಷಗಳು ಕಳೆದರೂ ಸಿಡಿಯಬಲ್ಲದು. ಆದ್ದರಿಂದ ಖಾಲಿ ನಳಿಗೆಯಲ್ಲಿ ಗಜ ಎಷ್ಟು ಇಳಿಯುವುದೋ ಅಲ್ಲಿಗೊಂದು ಗೆರೆ ಕೊರೆದಿಡುತ್ತಾರೆ. ಹಳೆಯ ಕೋವಿ ಕೈಗೆ ಬಂದಾಗ ಮೊದಲು ಕೇಪು ನೋಡಿ ತೆಗೆಯಿರಿ. ಬಾಯಿಗೆ ಮುಖವೊಡ್ಡದೆ ಗಜ ಇಳಿಸಿ. ಗೆರೆ ಮೇಲೆಯೇ ನಿಂತರೆ ಒಳಗೇನೋ ಇದೆ. ಬಲ್ಲ ಕಸಬುದಾರನಿಗೆ ಒಪ್ಪಿಸಿ.

ಕೇಪು ಸಿಡಿದೂ ಈಡು ಹಾರದಿದ್ದರೆ ಕೋವಿಯನ್ನು ಗುರಿಯತ್ತಲೇ ಹಿಡಿದು ಒಂದು ನಿಮಿಷವಾದರೂ ಕಾಯಬೇಕು. ಹಾರಿಸಿದ ದಿನವೇ ಬಿಸಿನೀರಲ್ಲಿ ತೊಳೆದು, ಒರಸಿ, ಎಣ್ಣೆ ಹಚ್ಚಬೇಕು; ಮದ್ದಿನ ಕಿಟ್ಟ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ವಿನಾಯಿತಿ ಲೈಸೆನ್ಸಿಗೆ ಮಾತ್ರ. ಎಚ್ಚರಿಕೆಗೆ ಯಾರಿಗೂ ಇಲ್ಲ.