ಯಾರು ಕಳ್ಳ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಜಮೈಕಾ ಅಂದರೆ ನಮಗೆ ಕ್ರಿಕೆಟ್ಟು. ನಾನು ಅಲ್ಲಿನ ಕಳ್ಳರ ಕತೆ ಹೇಳ್ತೀನಿ, ಕೇಳಿ.

ಹೆನ್ರಿ ಮೋರ್ಗನ್ ಅಂತ ಒಬ್ಬ. ಸ್ಪೇನಿನವರ ಹಡಗು, ಊರು ದೋಚೋದೇ ಕಸುಬು. 1671ರಲ್ಲಿ ಪನಾಮ ಪಟ್ಟಣವನ್ನೇ ಸೂರೆ ಮಾಡಿದ. ಆಗ ಇಂಗ್ಲೆಂಡಿಗೂ ಸ್ಪೇನಿಗೂ ರಾಜಿಯಾಗಿತ್ತು, ಅದಕ್ಕೆ ಹಿಡಿದು ಲಂಡನ್ನಿಗೆ ಒಯ್ದರು. ಶಿಕ್ಷೆ ಏನು ಗೊತ್ತಾ? 1674ರಲ್ಲಿ ದೊರೆ 'ಸರ್' ಪದವಿ ಕೊಟ್ಟು, ಜಮೈಕಾಕ್ಕೆ ಲೆಫ್ಟಿನೆಂಟ್ ಗವರ್ನರ್ ಮಾಡಿ ಕಳಿಸಿದ. ಕಬ್ಬಿನ ತೋಟಗಳ, ಗುಲಾಮರ ಧಣಿಯಾಗಿ ಸತ್ತ.

ಅದೇ ದ್ವೀಪದಲ್ಲಿ, ಆಫ್ರಿಕಾದಿಂದ ಸರಪಳಿ ಹಾಕಿ ತಂದ ಮನುಷ್ಯ ತೋಟ ಬಿಟ್ಟು ಕಾಡಿಗೆ ಓಡಿದರೆ ಅವನು ಕಳ್ಳ. ಏನು ಕದ್ದ? ತನ್ನ ಮೈಯನ್ನೇ ಕದ್ದ! ಕಾನೂನಿನಲ್ಲಿ ಆ ಮೈ ಧಣಿಯ ಆಸ್ತಿ. 1871ರಲ್ಲಿ ಇದೇ ಇಂಗ್ಲಿಷರು ನಮ್ಮ ದೇಶದ ಎಷ್ಟೋ ಜನಾಂಗಗಳನ್ನ ಹುಟ್ಟುಗಳ್ಳರು ಅಂತ ಕಾಯ್ದೆ ಬರೆದರಲ್ಲ, ಆ ಶಾಯಿ ಬೇರೆ ಅಲ್ಲ.

ಓಡಿದವರು ಬೆಟ್ಟದಲ್ಲಿ ಊರು ಕಟ್ಟಿದರು. ಮರೂನರು ಅಂತ ಹೆಸರು. ಅಬೆಂಗ್ ಅನ್ನೋ ದನದ ಕೊಂಬು ಊದಿ ಬೆಟ್ಟದಿಂದ ಬೆಟ್ಟಕ್ಕೆ ಸುದ್ದಿ ಮುಟ್ಟಿಸೋರು. ಪೂರ್ವದ ಕಡೆ ನ್ಯಾನಿ ಅನ್ನೋ ಹೆಣ್ಣುಮಗಳು, ಪಶ್ಚಿಮದ ಕಡೆ ಕುಜೊ. ಸಿಪಾಯಿಗಳಿಗೆ ವರ್ಷಗಟ್ಟಲೆ ಸಾಕುಸಾಕಾಯಿತು. 1739ರಲ್ಲಿ ಸರ್ಕಾರವೇ ಕುಜೊ ಜೊತೆ ಒಡಂಬಡಿಕೆಗೆ ಕೂತಿತು. ಬಿಡುಗಡೆ ಕೊಟ್ಟರು, 1,500 ಎಕರೆ ಭೂಮಿ ಕೊಟ್ಟರು.

ಚಪ್ಪಾಳೆ ಬೇಡ, ಷರತ್ತು ಕೇಳಿ. ಇನ್ನು ಮುಂದೆ ಓಡಿಬರೋ ಗುಲಾಮರನ್ನ ಹಿಡಿದು ಕೊಡಬೇಕು. ದಂಗೆ ಎದ್ದರೆ ಸರ್ಕಾರದ ಪರ ಬಂದೂಕು ಹಿಡೀಬೇಕು.

1760ರಲ್ಲಿ ಟ್ಯಾಕಿ ಅನ್ನೋ ಗುಲಾಮ ದಂಗೆ ಎದ್ದ. ಕೋಟೆಗೆ ನುಗ್ಗಿ ಮದ್ದುಗುಂಡು ತಗೊಂಡು ತೋಟದಿಂದ ತೋಟಕ್ಕೆ ನಡೆದ. ಅವನನ್ನ ಬೆನ್ನಟ್ಟಿ ಗುಂಡಿಟ್ಟು ಕೊಂದವನು ಬಿಳಿಯನಲ್ಲ, ಒಬ್ಬ ಮರೂನ.

ಕುಜೊ ದ್ರೋಹಿ ಅಂತ ನಾನು ಸುಲಭಕ್ಕೆ ಅನ್ನಲಾರೆ. ಅವನ ಬೆನ್ನಿಗೆ ಯುದ್ಧದಲ್ಲಿ ಬೆಂದ ಜನ ಇದ್ದರು. ಆದರೆ ಆ ಷರತ್ತು ಬರೆದ ಕೈ ನೋಡಿ. ನಮ್ಮಲ್ಲೂ ಒಬ್ಬನಿಗೆ ಕುರ್ಚಿ ಕೊಟ್ಟು, ನಿನ್ನ ಕೇರಿಯವರ ಬಾಯಿ ಮುಚ್ಚಿಸು ಅನ್ನೋ ಕೈಯನ್ನ ನೀವು ಕಂಡಿಲ್ಲವೆ?

1831ರ ಕ್ರಿಸ್ಮಸ್ ಹೊತ್ತಿಗೆ ಸ್ಯಾಮ್ ಶಾರ್ಪ್ ಎದ್ದ. ಗುಲಾಮನೇ, ಓದು ಬರಹ ಬಲ್ಲವನು. ಕೂಲಿ ಕೊಡದೆ ಕಬ್ಬು ಕಡಿಯೋದಿಲ್ಲ ಅಂದ. ಸಾವಿರಾರು ಜನ ಕೆಲಸ ನಿಲ್ಲಿಸಿದರು, ತೋಟಗಳು ಉರಿದವು. 1832ರ ಮೇ ತಿಂಗಳಲ್ಲಿ ಅವನನ್ನ ನೇಣಿಗೆ ಹಾಕಿದರು. ಮರುವರ್ಷವೇ ಗುಲಾಮಗಿರಿ ರದ್ದು ಮಾಡೋ ಕಾಯ್ದೆ ಬಂತು. ಪರಿಹಾರವೂ ಬಂತು, ಸಾಮ್ರಾಜ್ಯದ ಧಣಿಗಳಿಗೆಲ್ಲ ಸೇರಿ 2 ಕೋಟಿ ಪೌಂಡು. ಗುಲಾಮರಿಗೆ ಒಂದು ಕಾಸೂ ಇಲ್ಲ. ಯಾವ ಧಣಿಗೆ ಎಷ್ಟು ತಲೆಗೆ ಎಷ್ಟು ಹಣ ಅನ್ನೋ ಲೆಕ್ಕದ ಪುಸ್ತಕಗಳು ಇವತ್ತಿಗೂ ಲಂಡನ್ನಿನಲ್ಲಿ ಜೋಪಾನವಾಗಿವೆ.